ಊರಿಗೆ ವಾಪಸ್ ಹೊರಟಿದ್ದೇವೆ, ಸಾಕಿದ ಹಾವನ್ನು ಯಾರ ಕೈಗೆ ಒಪ್ಪಿಸಲಿ?

ಪ್ರಶ್ನೆ (ಪ್ಲೇನೋ, ಟೆಕ್ಸಸ್)

ನಮಸ್ಕಾರ. ಹನ್ನೊಂದು ವರ್ಷ ಇಲ್ಲಿದ್ದು ಈಗ ಜೂನ್‌ನಲ್ಲಿ ಬೆಂಗಳೂರಿಗೆ ವಾಪಸ್ ಹೊರಟಿದ್ದೇವೆ. ಸಾಮಾನೆಲ್ಲ ಹೇಗೋ ಆಗುತ್ತದೆ. ಚಿಂತೆ ಇರುವುದು ನಮ್ಮ ಉಂಡೆಯದು. ಏಳು ವರ್ಷದ ಹೆಣ್ಣು ಬಾಲ್ ಪೈಥಾನ್, ಅಂದರೆ ವಿಷವಿಲ್ಲದ ಸಣ್ಣ ಜಾತಿಯ ಹೆಬ್ಬಾವು. ಹೆದರಿದರೆ ಸುರುಳಿ ಸುತ್ತಿ, ತಲೆ ಒಳಗಿಟ್ಟು, ಥೇಟ್ ಉಂಡೆ ಹಾಗೆ ಕೂತುಬಿಡುತ್ತಾಳೆ. ಅದಕ್ಕೇ ಮಗ ಆ ಹೆಸರಿಟ್ಟ. ಅವನಿಗೀಗ ಹದಿಮೂರು.

ನೆಟ್‌ನಲ್ಲಿ ಜಾಹೀರಾತು ಹಾಕಿದೆ. ಒಂದೇ ಗಂಟೆಯಲ್ಲಿ "ಫ್ರೀ ಆದ್ರೆ ಈಗ್ಲೇ ಬರ್ತೀನಿ" ಅಂತ ನಾಲ್ಕು ಮೆಸೇಜ್ ಬಂತು. ಭಯ ಆಗಿ ತೆಗೆದುಬಿಟ್ಟೆ. ಊರಿಂದ ಅತ್ತೆಯವರು "ಎಲ್ಲಾದ್ರೂ ಹುತ್ತ ಇರೋ ಕಡೆ ಬಿಟ್ಟು ಕೈ ಮುಗಿದು ಬನ್ನಿ" ಅಂತಾರೆ. ಜೊತೆಗೇ ಕರ್ಕೊಂಡು ಹೋಗಲು ಆಗುತ್ತದಾ? ಆಗದಿದ್ದರೆ ಒಳ್ಳೆ ಮನೆ ಹುಡುಕುವುದು ಹೇಗೆ? ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ (ಬೆಂಗಳೂರು)

ಕರ್ಕೊಂಡು ಬರುವ ಯೋಚನೆ ಬಿಟ್ಟುಬಿಡಿ. ಹೊರದೇಶದಿಂದ ಮನೆ ಬದಲಿಸಿ ಬರುವವರು ತಮ್ಮ ಜೊತೆ ತರಬಹುದಾದದ್ದು ನಾಯಿ, ಬೆಕ್ಕು ಮಾತ್ರ. ಅದೂ ಒಬ್ಬರಿಗೆ ಎರಡು. ಬಾಲ್ ಪೈಥಾನ್ ಸೈಟಿಸ್ ಒಪ್ಪಂದದ (ವನ್ಯಜೀವಿಗಳನ್ನು ದೇಶದಿಂದ ದೇಶಕ್ಕೆ ಮಾರುವುದನ್ನು ನಿಯಂತ್ರಿಸುವ ಒಪ್ಪಂದ) ಎರಡನೇ ಪಟ್ಟಿಯಲ್ಲಿರುವ ಪ್ರಾಣಿ. ಅದನ್ನು ತರಬೇಕಾದರೆ ಬೇಕಾಗುವ ಪರವಾನಗಿಗಳನ್ನು ಒಂದು ಸಂಸಾರ ಓಡಾಡಿ ಪಡೆಯುವುದು ಆಗುವ ಮಾತಲ್ಲ.

ಬ್ಯಾಗಿನಲ್ಲಿ ಬಚ್ಚಿಟ್ಟು ತರೋಣ ಅಂತ ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. 2023ರ ಸೆಪ್ಟೆಂಬರ್‌ನಲ್ಲಿ ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಬ್ಯಾಗುಗಳಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ ಸಿಕ್ಕಿದ್ದವು. ಜೊತೆಗಿದ್ದ ಕೋತಿಗಳು ಸತ್ತೇ ಹೋಗಿದ್ದವು.

ಒಂದು ಮಾತು ನಿಮ್ಮ ಮಗನಿಗೆ. ಇಲ್ಲಿಗೆ ಬಂದ ಮೇಲೆ ಅವನಿಗೆ ಮತ್ತೆ ಹಾವು ಸಾಕುವ ಆಸೆ ಬಂದೇ ಬರುತ್ತದೆ. ನಮ್ಮ ಕಾಡು ಹೊಲಗಳ ಹೆಬ್ಬಾವು, ಕೇರೆ, ಮಣ್ಣುಮುಕ್ಕ ಯಾವುದನ್ನೂ ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆ ಅದನ್ನು ತಡೆಯುತ್ತದೆ. ಹೊರದೇಶದ ಹಾವುಗಳ ಲೆಕ್ಕ ಬೇರೆ. ಸೈಟಿಸ್ ಪಟ್ಟಿಯಲ್ಲಿರುವವನ್ನು ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಾಯಿಸಬೇಕು ಅಂತ 2024ರ ಫೆಬ್ರವರಿಯಲ್ಲಿ ನಿಯಮ ಬಂತು. ಮರಿಯಾದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ನನ್ನ ತಮ್ಮ ಕೆಲಸಕ್ಕೆ ಅಂತ ಪುಣೆಗೆ ಹೋದಾಗ ಅವನ ಹಾವು ನನ್ನ ಹತ್ತಿರ ಬಂತು. ಮೊದಲು ಕಾಗದ, ಆಮೇಲೆ ಹಾವು ಅಂತ ಹಟ ಹಿಡಿದು ಕೂತಿದ್ದೆ. ಇಲ್ಲಿ ಹಾವು ಕೈ ಬದಲಿಸುವವರಿಗೆಲ್ಲ ನಾನು ಹೇಳುವುದೂ ಅದನ್ನೇ.

ಉತ್ತರ (ಆಸ್ಟಿನ್, ಟೆಕ್ಸಸ್)

ನಾನು ಈ ಕೆಲಸವನ್ನು ಎರಡು ಸಲ ಮಾಡಿದ್ದೇನೆ. ಅದೂ ಒಂದೇ ಹಾವಿಗೆ. ನಿಮಗೆ ಬಂದ ಆ ನಾಲ್ಕು ಮೆಸೇಜ್ ವಿಷಯ ಓದಿದಾಗ ನನ್ನ ಮೊದಲ ಸಲದ್ದು ನೆನಪಾಯಿತು.

ಬಾಡಿಗೆ ಮನೆ ಬದಲಿಸಬೇಕಿತ್ತು. ಹೊಸ ಮನೆಯಲ್ಲಿ ಹಾವಿಗೆ ಒಪ್ಪಿಗೆ ಇರಲಿಲ್ಲ. ಒಬ್ಬ ಹುಡುಗ ಬಂದ. ಚೆನ್ನಾಗಿ ಮಾತಾಡಿದ, ಹಾವನ್ನು ಹೆದರದೆ ಎತ್ತಿಕೊಂಡ. ನಾನು ಅಷ್ಟಕ್ಕೇ ನಂಬಿ, ಒಂದು ಪೈಸೆ ತಗೊಳ್ಳದೆ ಕೊಟ್ಟುಬಿಟ್ಟೆ. ಮೂರು ವಾರ ಆದ ಮೇಲೆ ಅದೇ ಹಾವು ಮಾರಾಟಕ್ಕಿದೆ ಅಂತ ಜಾಹೀರಾತು ಕಂಡೆ. ಕುತ್ತಿಗೆಯ ಹತ್ತಿರದ ಚಿನ್ನದ ಬಣ್ಣದ ಮಚ್ಚೆ ನೋಡಿ ಗುರುತು ಹಿಡಿದೆ. ದುಡ್ಡು ಕೊಟ್ಟು ವಾಪಸ್ ತಂದೆ. ಬೆನ್ನು ಮೂಳೆ ಎದ್ದು ಕಾಣುತ್ತಿತ್ತು. ಬೆಳಗ್ಗೆ ನೋಡಿದರೆ ನೀರಿನ ಬಟ್ಟಲ ತಳದಲ್ಲಿ ಕರಿ ಎಳ್ಳಿಗಿಂತ ಸಣ್ಣ ಚುಕ್ಕೆಗಳು. ಹಾವಿನ ಮೈಗೆ ಹತ್ತಿ ರಕ್ತ ಹೀರುವ ನುಸಿಗಳು ಅವು, ಅದು ನೀರಲ್ಲಿ ಕೂತಾಗ ಮುಳುಗಿ ಉದುರಿದ್ದವು. ಅದನ್ನು ವಾಸಿ ಮಾಡಲು ಎರಡು ತಿಂಗಳು ಹಿಡಿಯಿತು.

ಎರಡನೇ ಸಲ ನಾನೇ ಮನೆ ಹುಡುಕಿದೆ. ಕೊಡುವವರು ನಾವು, ಆರಿಸುವವರೂ ನಾವೇ ಆಗಬೇಕು. ಎರಡು ತಿಂಗಳಾದರೂ ಬೇಕು, ಇವತ್ತಿಂದಲೇ ಶುರು ಮಾಡಿ.

ಮೊದಲು ಹಾವುಗಳನ್ನು ನೋಡುವ ಪಶುವೈದ್ಯರ ಹತ್ತಿರ ಹೋಗಿ. ನಾಯಿ ಬೆಕ್ಕು ನೋಡುವ ಎಲ್ಲರಿಗೂ ಹಾವು ಗೊತ್ತಿರುವುದಿಲ್ಲ. ಬಾಯಿ, ಉಸಿರು, ನುಸಿ, ಮಲದ ಪರೀಕ್ಷೆ, ಕಣ್ಣಿನ ಮೇಲೆ ಹಳೆ ಪೊರೆ ಅಂಟಿದೆಯಾ ಅನ್ನುವುದು, ಎಲ್ಲ ನೋಡಿಸಿ ಬರೆಸಿಕೊಳ್ಳಿ. ಅಲ್ಲೇ "ಒಳ್ಳೆ ಮನೆ ಗೊತ್ತಿದ್ದರೆ ಹೇಳಿ" ಅಂತ ಕೇಳಿ. ನನಗೆ ಸರಿಯಾದ ಮನೆ ಸಿಕ್ಕಿದ್ದು ಹಾಗೆಯೇ. ನಿಮ್ಮ ಊರಿನ ಹರ್ಪೆಟಾಲಜಿ ಸಂಘದಲ್ಲೂ (ಹಾವು, ಹಲ್ಲಿ, ಕಪ್ಪೆಗಳ ಆಸಕ್ತರ ಸಂಘ) ವಿಚಾರಿಸಿ. ಝೂಗಳು ಸಾಮಾನ್ಯವಾಗಿ ಸಾಕಿದ ಹಾವನ್ನು ತಗೊಳ್ಳುವುದಿಲ್ಲ. ಶಾಲೆಯ ಕ್ಲಾಸ್‌ರೂಮಿಗೆ ಕೊಡಿ ಅಂತ ಒಬ್ಬರು ಹೇಳಿದ್ದರು. ಎರಡು ತಿಂಗಳ ಬೇಸಿಗೆ ರಜೆಯಲ್ಲಿ ಅದನ್ನು ನೋಡಿಕೊಳ್ಳುವವರು ಯಾರು ಅಂತ ಕೇಳಿದೆ, ಉತ್ತರ ಬರಲಿಲ್ಲ.

ಬಂದವರಿಗೆ ನಾನು ಮೊದಲು ಕೇಳುತ್ತಿದ್ದದ್ದು: "ಗೂಡಿನ ಬಿಸಿ ಕಡೆ ಎಷ್ಟು ಡಿಗ್ರಿ ಇಡ್ತೀರಿ?" ನಿಜವಾಗಿ ಸಾಕಿದವರು ತಡಬಡಿಸದೆ ಹೇಳುತ್ತಾರೆ. ಬಿಸಿ ಕಡೆ 88ರಿಂದ 92 ಫ್ಯಾರನ್‌ಹೀಟ್, ತಂಪು ಕಡೆ 76ರಿಂದ 80. ಗೂಡು ಬಿಸಿ ಮಾಡುವ ಹೀಟ್ ಮ್ಯಾಟ್‌ಗೆ, ಬಿಸಿ ಮಿತಿ ಮೀರದ ಹಾಗೆ ನೋಡಿಕೊಳ್ಳುವ ಥರ್ಮೋಸ್ಟಾಟ್ ಇದೆಯಾ ಅಂತಲೂ ಕೇಳಿ. ಅದಿಲ್ಲದಿದ್ದರೆ ಹೊಟ್ಟೆ ಸುಟ್ಟುಹೋಗುತ್ತದೆ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಕಾಗದದಲ್ಲಿ ತೋರಿಸಲಿ. ಆಮೇಲೆ ಮನೆಗೆ ಹೋಗಿ ನೋಡಿ. ಹಾವು ಹೋಗುವ ಒಂದು ವಾರ ಮೊದಲೇ ಗೂಡು ಬಿಸಿಯಾಗಿ ಓಡುತ್ತಿರಬೇಕು. ನಾನು ಹೋದ ಮನೆಯಲ್ಲಿ ಎರಡು ಹೈಡ್ (ಹಾವು ಅಡಗಿ ಕೂರುವ ಪೊಟರೆಯಂಥದ್ದು), ನೀರಿನ ಬಟ್ಟಲು, ಥರ್ಮಾಮೀಟರ್ ಎಲ್ಲ ಇಟ್ಟು, ಖಾಲಿ ಗೂಡಿಗೆ ದೀಪ ಹಾಕಿ ಕಾಯುತ್ತಿದ್ದರು. ನನ್ನ ಕಣ್ಣು ತುಂಬಿ ಬಂತು.

ಫ್ರೀ ಕೊಡಬೇಡಿ. ನೂರು ಡಾಲರ್ ಆದರೂ ತಗೊಳ್ಳಿ. ಫ್ರೀ ಅಂದರೆ ಮಾರಾಟಕ್ಕೆ ಎತ್ತಿಕೊಂಡು ಹೋಗುವವರು ಮೊದಲು ಬರುತ್ತಾರೆ. ಆ ದುಡ್ಡಿಗೆ ಒಂದು ತಕ್ಕಡಿಯೋ ಹೊಸ ಥರ್ಮೋಸ್ಟಾಟೋ ತೆಗೆದು ಹಾವಿನ ಜೊತೆಗೇ ಕಳಿಸಿಬಿಡಿ. ಗೂಡನ್ನೂ ಕೊಟ್ಟುಬಿಡಿ. "ಸಾಕಲು ಆಗದಿದ್ದರೆ ಮೊದಲು ನನಗೆ ಫೋನ್ ಮಾಡಿ" ಅಂತ ಬರೆದು ಕೊಡಿ. ನೀವು ಬೆಂಗಳೂರಲ್ಲಿ ಇರುತ್ತೀರಲ್ಲ, ಇಲ್ಲಿ ನನ್ನ ನಂಬರ್ ಬರೆಯಿರಿ. ಅಂಥ ಸಂದರ್ಭ ಬಂದರೆ ನಾನು ಹೋಗಿ ಕರ್ಕೊಂಡು ಬರ್ತೀನಿ.

ಸಾಗಿಸುವುದು ಸುಲಭ. ಊಟ ಆಗಿ ನಾಲ್ಕೈದು ದಿನ ಕಳೆದಿರಲಿ, ಇಲ್ಲದಿದ್ದರೆ ವಾಂತಿ ಮಾಡುತ್ತದೆ. ದಿಂಬಿನ ಕವರನ್ನು ಒಳಮಗ್ಗುಲು ಹೊರಗೆ ಮಾಡಿ. ದಾರದ ಎಳೆಗೆ ಹಾವು ಸಿಕ್ಕಿಕೊಳ್ಳದ ಹಾಗೆ ಇದು. ಅದರೊಳಗೆ ಬಿಟ್ಟು ಬಾಯಿ ಗಂಟು ಹಾಕಿ, ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ಟೆಕ್ಸಸ್ ಜೂನ್‌ನಲ್ಲಿ ನಿಂತ ಕಾರಿನಲ್ಲಿ ಐದು ನಿಮಿಷವೂ ಬಿಡಬೇಡಿ. ಪೋಸ್ಟ್‌ನಲ್ಲಿ ಹಾವು ಕಳಿಸುವ ಹಾಗಿಲ್ಲ, ಆದ್ದರಿಂದ ಕಾರಿನಲ್ಲಿ ಮುಟ್ಟಬಹುದಾದ ದೂರದಲ್ಲೇ ಮನೆ ನೋಡಿ.

ಉತ್ತರ (ಟ್ಯಾಂಪಾ, ಫ್ಲಾರಿಡಾ)

ಅತ್ತೆಯವರ ಮಾತಿಗೆ ನನ್ನದೊಂದು ಉತ್ತರ. ಅವರ ಮನಸ್ಸಿನಲ್ಲಿರುವುದು ಭಕ್ತಿ, ಅದಕ್ಕೆ ನೋವಾಗದ ಹಾಗೆ ಹೇಳಿ. ಉಂಡೆಯ ವಂಶ ಘಾನಾ, ಟೋಗೊ, ಬೆನಿನ್ ಕಡೆಯದು. ಅವಳು ಹುಟ್ಟಿದಾಗಿನಿಂದ ಐಸ್ ಬಿಡಿಸಿದ ಇಲಿ ತಿಂದು ಬೆಳೆದವಳು. ಪ್ಲೇನೋದ ಮೊದಲ ಚಳಿಗೇ ಸಾಯುತ್ತಾಳೆ. ಬಿಟ್ಟು ಬರುವುದು ಪುಣ್ಯ ಅಲ್ಲ.

ಸಾಯದೆ ಉಳಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ರಾಜ್ಯವೇ ಸಾಕ್ಷಿ. ಸಾಕಿದವರಿಂದ ಹೊರಬಿದ್ದ ಬರ್ಮಾ ಹೆಬ್ಬಾವುಗಳು ಇಲ್ಲಿನ ಎವರ್‌ಗ್ಲೇಡ್ಸ್ ಜೌಗು ಪ್ರದೇಶದಲ್ಲಿ ಬೇರೂರಿವೆ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಅವು ಜಾಸ್ತಿ ಕಾಲದಿಂದ ಇರುವ ಜಾಗದಲ್ಲಿ ರಕೂನ್‌ಗಳು (ಬೆಕ್ಕಿಗಿಂತ ದೊಡ್ಡ ಒಂದು ಕಾಡುಪ್ರಾಣಿ) ಕಣ್ಣಿಗೆ ಬೀಳುವುದು 99 ಶೇಕಡಾಕ್ಕಿಂತ ಹೆಚ್ಚು ಇಳಿದಿತ್ತು.

ಇಲ್ಲಿ ಫ್ಲಾರಿಡಾದಲ್ಲಿ ಇರುವವರಿಗೆ ಒಂದು ಒಳ್ಳೆ ದಾರಿ ಇದೆ. ರಾಜ್ಯದ ವನ್ಯಜೀವಿ ಆಯೋಗದ ಎಕ್ಸಾಟಿಕ್ ಪೆಟ್ ಆಮ್ನೆಸ್ಟಿ ಕಾರ್ಯಕ್ರಮ. ದುಡ್ಡಿಲ್ಲದೆ, ದಂಡವಿಲ್ಲದೆ ಪ್ರಾಣಿಯನ್ನು ಒಪ್ಪಿಸಬಹುದು. ಮೊದಲೇ ಪರಿಶೀಲಿಸಿದ ಮನೆಗಳಿಗೆ ಅವರು ಕೊಡುತ್ತಾರೆ. ನನ್ನ ಪಕ್ಕದ ಮನೆಯವರು ಹಾಗೆಯೇ ಒಪ್ಪಿಸಿದರು.

ಉತ್ತರ (ಲೀಡ್ಸ್, ಇಂಗ್ಲೆಂಡ್)

ನಾನು ಕೊಟ್ಟವಳಲ್ಲ, ತಗೊಂಡವಳು. ನನ್ನ ಹತ್ತಿರ ಬಂದಾಗ ನಮ್ಮ ಹಾವಿಗೆ ಹದಿನಾರು ವರ್ಷ. ಅಷ್ಟು ವಯಸ್ಸಾದದ್ದನ್ನು ಯಾಕೆ ತಗೊಂಡೆ ಅಂತ ಎಲ್ಲರೂ ಕೇಳಿದರು. ಇವು ಇಪ್ಪತ್ತು ಮೂವತ್ತು ವರ್ಷ ಬದುಕುತ್ತವೆ. ಸೇಂಟ್ ಲೂಯಿಸ್ ಝೂನಲ್ಲಿ 2020ರಲ್ಲಿ ಮೊಟ್ಟೆ ಇಟ್ಟ ಬಾಲ್ ಪೈಥಾನ್‌ಗೆ 62 ವರ್ಷ ದಾಟಿತ್ತು ಅಂತ ಅಲ್ಲಿಯವರ ಅಂದಾಜು. ಉಂಡೆಗೆ ಏಳು ಅಂದರೆ ಇನ್ನೂ ಹುಡುಗಿ.

ಹಿಂದಿನ ಯಜಮಾನರು ಮಾಡಿದ ಒಂದು ಕೆಲಸ ನನಗೆ ತುಂಬಾ ಉಪಕಾರವಾಯಿತು. ಹಳೆ ಹೈಡ್ ಅನ್ನು ತೊಳೆಯದೆ ಹಾಗೇ ಕೊಟ್ಟರು. ಒಂದು ಕವರಿನಲ್ಲಿ ಗೂಡಿನ ತೆಂಗಿನ ಸಿಪ್ಪೆ ಹುಡಿಯನ್ನೂ ಎರಡು ಹಿಡಿ ಹಾಕಿಕೊಟ್ಟರು. ಹೊಸ ಗೂಡಿಗೆ ಬಿಟ್ಟ ಕೂಡಲೇ ಹಾವು ನಾಲಿಗೆ ಆಡಿಸಿ ನೋಡಿ, ಸೀದಾ ಆ ಹೈಡ್ ಒಳಗೆ ನುಗ್ಗಿತು. ಜೊತೆಗೊಂದು ನೋಟ್‌ಬುಕ್ ಇತ್ತು. ಯಾವತ್ತು ತಿಂದಿತು, ಯಾವತ್ತು ಪೊರೆ ಬಿಟ್ಟಿತು, ತೂಕ ಎಷ್ಟು, ಎಲ್ಲ ಅದರಲ್ಲಿ. ಇವು ಜಾಗ ಬದಲಾದರೆ ಊಟ ಬಿಡುತ್ತವೆ. ನಮ್ಮದು ಎರಡೂವರೆ ತಿಂಗಳು ಮುಟ್ಟಲಿಲ್ಲ. ತೂಕ ಬರೆದಿದ್ದದ್ದರಿಂದ ಇಳಿದದ್ದು ಬರೀ ಅರವತ್ತು ಗ್ರಾಂ ಅಂತ ಗೊತ್ತಾಗಿ ಧೈರ್ಯ ಬಂತು. ಇಲ್ಲದಿದ್ದರೆ ದಿನಾ ಇಲಿ ಹಿಡಿದು ಅದರ ಮುಖಕ್ಕೆ ಆಡಿಸಿ ಇನ್ನಷ್ಟು ಹೆದರಿಸುತ್ತಿದ್ದೆ.

ಹೊಸ ಮನೆಯವರಿಗೆ ಹೇಳಿ: ಮೊದಲ ವಾರ ಮುಟ್ಟುವುದು ಬೇಡ, ಊಟ ತೋರಿಸುವುದೂ ಬೇಡ. ಏನಾದರೂ ದೋಷ ಇದ್ದರೆ ಮುಚ್ಚಿಡಬೇಡಿ. ಸ್ಪೈಡರ್ ಅನ್ನುವ ಬಣ್ಣದ ತಳಿಯದಾದರೆ ತಲೆ ನಡುಗುತ್ತದೆ, ಅದು ಹುಟ್ಟಿನಿಂದ ಬಂದದ್ದು. ಗೊತ್ತಿಲ್ಲದವರು ಕಾಯಿಲೆ ಅಂತ ಹೆದರುತ್ತಾರೆ.

ಇನ್ನೊಂದು. ಮಗನನ್ನು ದೂರ ಇಡಬೇಡಿ. ಮನೆ ಆರಿಸುವಾಗ ಅವನೂ ಪ್ರಶ್ನೆ ಕೇಳಲಿ.

ಪ್ರಶ್ನೆ ಕೇಳಿದವರಿಂದ, ಎರಡು ತಿಂಗಳ ನಂತರ (ಬೆಂಗಳೂರು)

ಎಲ್ಲರಿಗೂ ತುಂಬು ಮನಸ್ಸಿನ ಧನ್ಯವಾದ. ಉಂಡೆ ಈಗ ಡೆಂಟನ್‌ನಲ್ಲಿದ್ದಾಳೆ, ನಮ್ಮ ಮನೆಯಿಂದ ಮುಕ್ಕಾಲು ಗಂಟೆ ದಾರಿ. ವೈದ್ಯರೇ ಹೇಳಿದ ಒಬ್ಬರು ನರ್ಸ್. ಅವರಿಗಿಂತ ಮೊದಲು ಬಂದ ಮೂವರನ್ನು ಬೇಡ ಅಂದೆವು. ಒಬ್ಬರು ಗೂಡು ಆಮೇಲೆ ತರ್ತೀನಿ ಅಂದರು, ಇಬ್ಬರಿಗೆ ಡಿಗ್ರಿ ಗೊತ್ತಿರಲಿಲ್ಲ. ಈ ನರ್ಸ್ ಅವರನ್ನು ಪ್ರಶ್ನೆ ಕೇಳಿದ್ದು ಪೂರ್ತಿ ನನ್ನ ಮಗನೇ. "ಅವಳು ಊಟ ಬಿಟ್ಟರೆ ಎಷ್ಟು ದಿನ ಕಾಯ್ತೀರಿ?" ಅಂತ ಕೇಳಿದ. ಅವರು "ತೂಕ ಇಳಿಯದಿದ್ದರೆ ತಿಂಗಳುಗಟ್ಟಲೆ ಕಾಯ್ತೀನಿ" ಅಂದರು. ಅವನು ನನ್ನ ಕಡೆ ನೋಡಿ ತಲೆ ಆಡಿಸಿದ.

ಹೊರಡುವ ದಿನ ಅಡುಗೆ ಮನೆ ತಕ್ಕಡಿಯಲ್ಲಿ ತೂಗಿದಾಗ 1,640 ಗ್ರಾಂ. ನೋಟ್‌ಬುಕ್‌ನಲ್ಲಿ ಅದನ್ನು ಬರೆದು, ತೊಳೆಯದ ಹೈಡ್ ಜೊತೆ ಕೊಟ್ಟೆವು. ಆಸ್ಟಿನ್‌ನವರ ನಂಬರನ್ನು ಮೊದಲ ಪುಟದಲ್ಲೇ ಬರೆದಿದ್ದೇವೆ. ಅತ್ತೆಯವರಿಗೆ ಗೂಡಿನ ವಿಡಿಯೋ ಕಳಿಸಿದೆ. ಅವರಿಗೂ ಸಮಾಧಾನ ಆಯಿತು, ನಾಗರ ಪಂಚಮಿ ದಿನ ಉಂಡೆ ಹೆಸರಲ್ಲೂ ತನಿ ಎರೀತೀನಿ ಅಂದರು.

ಎರಡು ಸಲ ಇಲಿ ಕೊಟ್ಟರೂ ಉಂಡೆ ಮುಖ ತಿರುಗಿಸಿದಳಂತೆ. ಮಗ ಇಲ್ಲಿಂದ ಮೆಸೇಜ್ ಮಾಡಿದ: ಕೊಡುವ ಮೊದಲು ಇಲಿಯ ತಲೆಯನ್ನು ಮಾತ್ರ ಇನ್ನೊಂದು ಸಲ ಬಿಸಿನೀರಿಗೆ ಅದ್ದಿ, ಲೈಟ್ ಆರಿಸಿ. ಇಪ್ಪತ್ತಾರನೇ ದಿನ ತಿಂದಳು.