ಭಾನುವಾರದ ಪ್ರಶ್ನೋತ್ತರ: ದೂರದ ಓಟ, ಕೋಚ್ ಮೇಡಂ ಜೊತೆ

ನಿರ್ವಾಹಕರು: ಇವತ್ತು ಕೋಚ್ ಮೇಡಂ ನಮ್ಮ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾರೆ. ಒಂದು ಕಾಲಕ್ಕೆ 5,000 ಮೀಟರ್ ಓಡುತ್ತಿದ್ದವರು. ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ (ಎನ್‌ಐಎಸ್) ಕೋಚಿಂಗ್ ಡಿಪ್ಲೊಮಾ ಮಾಡಿ, 22 ವರ್ಷಗಳಿಂದ ಮಕ್ಕಳಿಗೆ ದೂರದ ಓಟ ಕಲಿಸುತ್ತಿದ್ದಾರೆ. ಹೆಸರು ಬೇಡ, ಊರು ಬರೆದರೆ ಸಾಕು. ಒಬ್ಬರಿಗೆ ಒಂದೇ ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ರಾಯಚೂರು: ನಮಸ್ಕಾರ ಮೇಡಂ. ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ತಯಾರಿ ಮಾಡುತ್ತಿದ್ದೇನೆ. 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು. ನನಗೆ 7 ನಿಮಿಷ 5 ಸೆಕೆಂಡ್ ಆಗುತ್ತಿದೆ. ದಿನಾ 1600 ಫುಲ್ ಸ್ಪೀಡ್ ಓಡುತ್ತೇನೆ. ಮೊದಲ ಸುತ್ತು 82 ಸೆಕೆಂಡ್, ಆಮೇಲೆ ಕಾಲು ಏಳುವುದೇ ಇಲ್ಲ.

ಕೋಚ್: ನಮಸ್ಕಾರ. ತಪ್ಪು ಎಲ್ಲಿದೆ ಅಂತ ನೀವೇ ಬರೆದಿದ್ದೀರಿ. 6:30 ಅಂದರೆ 400 ಮೀಟರಿನ ಒಂದು ಸುತ್ತಿಗೆ ಸುಮಾರು 97 ಸೆಕೆಂಡ್. ನೀವು ಮೊದಲ ಸುತ್ತನ್ನೇ 15 ಸೆಕೆಂಡ್ ಬೇಗ ಓಡಿ ಶಕ್ತಿ ಖರ್ಚು ಮಾಡುತ್ತೀರಿ. ದಿನಾ ಪರೀಕ್ಷೆ ಬರೆಯುವುದನ್ನು ನಿಲ್ಲಿಸಿ. ವಾರಕ್ಕೆ 3 ದಿನ ಮಾತಾಡುತ್ತಾ ಓಡಬಹುದಾದಷ್ಟು ನಿಧಾನಕ್ಕೆ 30–40 ನಿಮಿಷ ಓಡಿ. ಒಂದು ದಿನ 400 ಮೀಟರ್ 6 ಸಲ, ಪ್ರತಿಯೊಂದೂ 94–95 ಸೆಕೆಂಡಿಗೆ, ನಡುವೆ 2 ನಿಮಿಷ ನಡಿಗೆ. ಮೊದಲನೆಯದೂ ಕೊನೆಯದೂ ಒಂದೇ ಟೈಮಿಂಗ್ ಬರಬೇಕು. ಒಂದು ದಿನ ಪೂರ್ತಿ ರಜೆ. 8 ವಾರ ಮಾಡಿ ನೋಡಿ.

ಕೋಲಾರ: ಓಡಿದರೆ ಮೊಣಕಾಲು ನೋವು. ಏನು ಮಾಡಬೇಕು?

ಕೋಚ್: ಎಷ್ಟು ದಿನದಿಂದ? ಎಲ್ಲಿ, ಚಿಪ್ಪಿನ ಸುತ್ತಲೋ ಪಕ್ಕಕ್ಕೋ? ವಾರಕ್ಕೆ ಎಷ್ಟು ಕಿ.ಮೀ.? ಹೋದ ತಿಂಗಳಿಗಿಂತ ದಿಢೀರ್ ಏರಿಸಿದ್ದೀರಾ? ಊತ ಇದ್ದರೆ, ಮೊಣಕಾಲು ಸಿಕ್ಕಿಕೊಂಡಂತಾದರೆ ಮೂಳೆ ಡಾಕ್ಟರ ಹತ್ತಿರ ಹೋಗಿ. ಇಲ್ಲವಾದರೆ ಓಟ ಅರ್ಧಕ್ಕೆ ಇಳಿಸಿ, ತೊಡೆ ಮತ್ತು ಸೊಂಟದ ವ್ಯಾಯಾಮ ಶುರು ಮಾಡಿ.

ಹಾವೇರಿ (ಪಿ.ಟಿ. ಮೇಷ್ಟ್ರು): ಮೇಡಂ, ನಮ್ಮ ಶಾಲೆಯಲ್ಲಿ ಕಲಿತ ಹುಡುಗಿ, ಈಗ ಮೊದಲನೇ ಪಿಯುಸಿ, 16 ವರ್ಷ. ಈಗಲೂ ನನ್ನ ಹತ್ತಿರವೇ ಪ್ರಾಕ್ಟೀಸ್ ಮಾಡುತ್ತಾಳೆ. ಹೋದ ವರ್ಷ 3000 ಮೀಟರ್ 10 ನಿಮಿಷ 40 ಸೆಕೆಂಡಿನಲ್ಲಿ ಓಡಿದ್ದಳು. ಬೇಸಿಗೆಯಲ್ಲಿ ಹೊರಗಡೆ ಒಂದು ಕ್ಯಾಂಪಿಗೆ ಹೋಗಿ ಬಂದಳು. ಬಂದ ಮೇಲೆ ಮೊದಲು ಟೈಮಿಂಗ್ ಚೆನ್ನಾಗಾಯಿತು. ಈಗ ಎರಡು ತಿಂಗಳಿಂದ ಬೀಳುತ್ತಲೇ ಇದೆ, ಮೊನ್ನೆ 11:25. ಎಡಗಾಲಿನ ಮುಂಭಾಗದ ಮೂಳೆಯಲ್ಲಿ ನೋವು ಅನ್ನುತ್ತಾಳೆ. ಜಾಸ್ತಿ ಕಿ.ಮೀ. ಓಡಿಸಬೇಕಾ, ಸ್ಪೀಡ್ ವರ್ಕ್ ಕೊಡಬೇಕಾ? ಮೂರು ವಾರದಲ್ಲಿ ರಾಜ್ಯ ಮಟ್ಟದ ಮೀಟ್ ಇದೆ.

ಕೋಚ್: ಮೇಷ್ಟ್ರೇ, ಎರಡೂ ಬೇಡ. ಇವತ್ತಿನಿಂದ ಅವಳನ್ನು ಓಡಿಸಬೇಡಿ. ನಾನು ಕೇಳುವುದಕ್ಕೆ ಉತ್ತರ ಕೊಡಿ. ನೋವನ್ನು ಒಂದು ಬೆರಳಿಟ್ಟು ತೋರಿಸುತ್ತಾಳಾ, ಅಂಗೈ ಸವರಿ ತೋರಿಸುತ್ತಾಳಾ? ರಾತ್ರಿ ಮಲಗಿದಾಗಲೂ ನೋಯುತ್ತದಾ? ಕ್ಯಾಂಪಿಗೆ ಮೊದಲು ತೂಕ ಎಷ್ಟಿತ್ತು, ಈಗ ಎಷ್ಟು? ಏನು ತಿನ್ನುತ್ತಾಳೆ? ಮುಟ್ಟು ಸರಿಯಾಗಿ ಆಗುತ್ತಿದೆಯಾ? ಕೊನೆಯದನ್ನು ನೀವು ಕೇಳಬೇಡಿ. ಶಾಲೆಯ ಮೇಡಂ ಒಬ್ಬರ ಕೈಲಿ, ಅವಳ ತಾಯಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳಿಸಿ. ಗುಂಪಿನಲ್ಲಿ ಬರೆಯುವುದಕ್ಕೆ ಅವರಿಬ್ಬರ ಒಪ್ಪಿಗೆ ಪಡೆಯಿರಿ. ಊರು, ಕಾಲೇಜು ಬರೆಯಬೇಡಿ.

ಮೈಸೂರು: ಮೇಡಂ, ಹಾಫ್ ಮ್ಯಾರಥಾನ್‌ಗೆ ಕಾರ್ಬನ್ ಪ್ಲೇಟ್ ಶೂ ತಗೊಳ್ಳಬೇಕು ಅಂತಿದ್ದೇನೆ. ಈಗ 2 ಗಂಟೆ 20 ನಿಮಿಷ ಆಗುತ್ತದೆ.

ಕೋಚ್: ಬೇಡ. ಕಾಲಿಗೆ ಸರಿಹೊಂದುವ ಸಾಮಾನ್ಯ ಓಟದ ಶೂ ಸಾಕು. ಅಂಗಡಿಗೆ ಸಂಜೆ ಹೋಗಿ, ಸಂಜೆಗೆ ಪಾದ ಸ್ವಲ್ಪ ಊದಿರುತ್ತದೆ. ಬೆರಳಿನ ಮುಂದೆ ಹೆಬ್ಬೆರಳಿನಷ್ಟು ಜಾಗ ಇರಲಿ.

ತುಮಕೂರು: ಶೂನೇ ಬೇಡ ಸ್ವಾಮಿ. ಶಿವನಾಥ್ ಸಿಂಗ್ ಬರಿಗಾಲಲ್ಲಿ ಓಡುತ್ತಿದ್ದವರು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಮ್ಯಾರಥಾನಿನಲ್ಲಿ 11ನೇ ಸ್ಥಾನ. 1978ರಲ್ಲಿ ಜಲಂಧರಿನಲ್ಲಿ 2 ಗಂಟೆ 12 ನಿಮಿಷ. ಇಷ್ಟೆಲ್ಲ ಶೂ ಬಂದರೂ ಆ ರಾಷ್ಟ್ರೀಯ ದಾಖಲೆ ದಶಕಗಟ್ಟಲೆ ಅಲ್ಲಾಡಲಿಲ್ಲ.

ಮೈಸೂರು: ಹಾಗಾದರೆ ಇಥಿಯೋಪಿಯಾದ ಅಬೆಬೆ ಬಿಕಿಲಾ ಕಥೆಯನ್ನೂ ಪೂರ್ತಿ ಹೇಳಿ. 1960ರಲ್ಲಿ ರೋಮ್‌ನಲ್ಲಿ ಬರಿಗಾಲು, 2:15:16. 1964ರಲ್ಲಿ ಟೋಕಿಯೊದಲ್ಲಿ ಶೂ ಹಾಕಿಕೊಂಡು 2:12:11. ಶೂ ಹಾಕಿದ ಮೇಲೆ 3 ನಿಮಿಷ ಕಡಿಮೆ!

ತುಮಕೂರು: ಅದು ಶೂನಿಂದ ಅಲ್ಲ, 4 ವರ್ಷದ ತಯಾರಿಯಿಂದ. ಚಿಕ್ಕಂದಿನಿಂದ ಬರಿಗಾಲಲ್ಲಿ ಓಡಾಡಿದವರ ಪಾದವೇ ಬೇರೆ.

ಮೈಸೂರು: ನೀವು ಚಿಕ್ಕಂದಿನಿಂದ ಬರಿಗಾಲಲ್ಲಿ ಓಡಾಡಿದ್ದೀರಾ?

ಕೋಚ್: ಇಬ್ಬರೂ ಹೇಳುವುದರಲ್ಲಿ ನಿಜ ಇದೆ. 30 ವರ್ಷ ಶೂ ಹಾಕಿದವರು ನಾಳೆಯಿಂದ ಡಾಂಬರಿನ ಮೇಲೆ ಬರಿಗಾಲಲ್ಲಿ ಓಡಿದರೆ ಮೀನಖಂಡ, ಹಿಮ್ಮಡಿ ನೋವು ಗ್ಯಾರಂಟಿ. ಹುಲ್ಲಿನ ಮೇಲೆ 5 ನಿಮಿಷದಿಂದ ಶುರು ಮಾಡಬಹುದು. ಈ ವಿಷಯ ಇಲ್ಲಿಗೆ ಸಾಕು.

ಮಂಡ್ಯ: ಟ್ರೆಡ್‌ಮಿಲ್‌ನಲ್ಲಿ ಓಡಿದ 10 ಕಿ.ಮೀ. ರಸ್ತೆಯ 10 ಕಿ.ಮೀ.ಗೆ ಸಮವೇ ಮೇಡಂ?

ಧಾರವಾಡ: ಗುಲ್ವೀರ್ ಸಿಂಗ್ ಬಗ್ಗೆ ಒಂದು ಮಾತು ಹೇಳಿ ಮೇಡಂ. ಟಿವಿಯವರು ತೋರಿಸುವುದೇ ಇಲ್ಲ.

ಕೋಚ್: ಹೇಳುತ್ತೇನೆ, ಖುಷಿಯಿಂದ. 2025ರ ಮಾರ್ಚಿನಲ್ಲಿ ಅಮೆರಿಕದಲ್ಲಿ 10,000 ಮೀಟರ್ 27 ನಿಮಿಷ 00.22 ಸೆಕೆಂಡ್. ಅಂದರೆ ಒಂದು ಸುತ್ತಿಗೆ 65 ಸೆಕೆಂಡಿಗಿಂತ ಕಡಿಮೆ, ಅಂಥ 25 ಸುತ್ತು. ನಿಮ್ಮ ಊರಿನ ಮೈದಾನದಲ್ಲಿ ಒಂದೇ ಒಂದು ಸುತ್ತು 65ಕ್ಕೆ ಓಡಿ ನೋಡಿ, ಆಗ ಗೊತ್ತಾಗುತ್ತದೆ. ಅವಿನಾಶ್ ಸಾಬ್ಳೆ 2022ರ ಕಾಮನ್‌ವೆಲ್ತ್ ಸ್ಟೀಪಲ್‌ಚೇಸ್‌ನಲ್ಲಿ (ಅಡೆತಡೆ ಹಾರುತ್ತಾ ಓಡುವ ಓಟ) ಕೀನ್ಯಾದವರಿಗೆ ಸೋತಿದ್ದು ಬರೀ 0.05 ಸೆಕೆಂಡಿನಲ್ಲಿ. ನಾನು ಆ ರಾತ್ರಿ ಮಲಗಲಿಲ್ಲ. ನಮ್ಮ ಮಕ್ಕಳಿಗೆ ಕ್ರಿಕೆಟ್ ಜೊತೆ ಇದನ್ನೂ ತೋರಿಸಿ.

ಹಾವೇರಿ (ಪಿ.ಟಿ. ಮೇಷ್ಟ್ರು): ಮೇಡಂ, ನಮ್ಮ ಕನ್ನಡ ಮೇಡಂ ಮನೆಗೆ ಹೋಗಿ ಮಾತಾಡಿ ಬಂದರು. ತಾಯಿ, ಮಗಳು ಇಬ್ಬರೂ ಒಪ್ಪಿದ್ದಾರೆ. ನೋವು ಒಂದು ಬೆರಳಿನಷ್ಟು ಜಾಗದಲ್ಲಿ. ರಾತ್ರಿಯೂ ಇದೆ. ತೂಕ 46 ಇದ್ದದ್ದು 41. ಕ್ಯಾಂಪಿನಲ್ಲಿ ತೂಕ ಇಳಿಸು, ಹಗುರಾದರೆ ಟೈಮಿಂಗ್ ಬರುತ್ತದೆ ಅಂದಿದ್ದರಂತೆ. ಅಂದಿನಿಂದ ಅನ್ನ ಬಿಟ್ಟಿದ್ದಾಳೆ, ರಾತ್ರಿ ಒಂದೇ ರೊಟ್ಟಿ. ಬೆಳಿಗ್ಗೆ 5:30ಕ್ಕೆ ಬರಿ ಹೊಟ್ಟೆಯಲ್ಲಿ ಪ್ರಾಕ್ಟೀಸು, ಹಾಗೇ ಕಾಲೇಜಿನ ಬಸ್ಸು, ಮಧ್ಯಾಹ್ನ 1:30ಕ್ಕೆ ಊಟ. ಮುಟ್ಟು 5 ತಿಂಗಳಿಂದ ಆಗಿಲ್ಲ. ಓಡುವ ಹುಡುಗಿಯರಿಗೆ ಹಾಗಾಗುವುದು ಸಹಜ ಅಂತ ಕ್ಯಾಂಪಿನಲ್ಲಿ ಯಾರೋ ಹೇಳಿದ್ದಕ್ಕೆ ಮನೆಯಲ್ಲಿ ಸುಮ್ಮನಿದ್ದಾಳೆ. ನನಗೆ ಇದ್ಯಾವುದೂ ಗೊತ್ತಿರಲಿಲ್ಲ ಮೇಡಂ.

ಕೋಚ್: ಕೇಳಿ ತಿಳಿಸಿದ್ದಕ್ಕೆ ಧನ್ಯವಾದ ಮೇಷ್ಟ್ರೇ. ಇದನ್ನು ಉದ್ದಕ್ಕೆ ಬರೆಯುತ್ತೇನೆ. ಹೆಣ್ಣುಮಕ್ಕಳನ್ನು ಓಡಿಸುವ ಎಲ್ಲರೂ ಓದಿ.

ಇದು ಸಹಜ ಅಲ್ಲ. ಮುಟ್ಟು 3 ತಿಂಗಳು ನಿಂತರೆ ಡಾಕ್ಟರಿಗೆ ತೋರಿಸಲೇಬೇಕು. ಓಟಕ್ಕೆ ಖರ್ಚಾಗುವಷ್ಟು ಊಟ ಒಳಗೆ ಹೋಗದಿದ್ದರೆ ದೇಹ ಮನೆ ಖರ್ಚು ಕಡಿತ ಮಾಡಿದ ಹಾಗೆ ಒಂದೊಂದನ್ನೇ ನಿಲ್ಲಿಸುತ್ತಾ ಹೋಗುತ್ತದೆ. ಹೆಣ್ಣುಮಕ್ಕಳಲ್ಲಿ ಮುಟ್ಟು ನಿಲ್ಲುತ್ತದೆ. ಮೂಳೆಗೆ ಬಲ ಕೊಡುವ ಈಸ್ಟ್ರೊಜೆನ್ ಕಡಿಮೆಯಾಗುತ್ತದೆ. 16 ವರ್ಷ ಅಂದರೆ ಮೂಳೆ ಗಟ್ಟಿಯಾಗುವ ಕಾಲ. ಈಗ ಕಳೆದುಕೊಂಡದ್ದು ಆಮೇಲೆ ಪೂರ್ತಿ ವಾಪಸ್ ಬರುವುದು ಕಷ್ಟ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಇದಕ್ಕೆ ರೆಡ್-ಎಸ್ ಅಂತ ಹೆಸರಿಟ್ಟರು. ಗಂಡುಮಕ್ಕಳಿಗೂ ಆಗುತ್ತದೆ, ಆದರೆ ಅವರಲ್ಲಿ ತಿಂಗಳ ಲೆಕ್ಕ ಇಲ್ಲದ್ದರಿಂದ ಗೊತ್ತಾಗುವುದು ತಡ.

ಮೊದಲು ಟೈಮಿಂಗ್ ಚೆನ್ನಾಯಿತು ಅಂದಿರಲ್ಲ, ಮೋಸ ಇರುವುದು ಅಲ್ಲೇ. ತೂಕ ಇಳಿದಾಗ ಕೆಲವು ವಾರ ಓಟ ಹಗುರಾಗುತ್ತದೆ. ಕೋಚ್ ಬೆನ್ನು ತಟ್ಟುತ್ತಾರೆ. ಹುಡುಗಿ ಇನ್ನೂ ಕಡಿಮೆ ತಿನ್ನುತ್ತಾಳೆ. ಆಮೇಲೆ ಕುಸಿಯುತ್ತದೆ. ಅಮೆರಿಕದ ಮೇರಿ ಕೇನ್ 2013ರಲ್ಲಿ 17ನೇ ವಯಸ್ಸಿಗೇ ವಿಶ್ವ ಚಾಂಪಿಯನ್‌ಷಿಪ್ 1500 ಮೀಟರ್ ಫೈನಲ್ ಓಡಿದವಳು. ತೂಕ ಇಳಿಸು ಇಳಿಸು ಅಂತ ಒತ್ತಡ ಹಾಕಿದ್ದರಿಂದ 3 ವರ್ಷ ಮುಟ್ಟು ನಿಂತು 5 ಮೂಳೆ ಮುರಿದವು ಅಂತ 2019ರಲ್ಲಿ ಅವಳೇ ಹೇಳಿದಳು. ಅಷ್ಟು ದೂರ ಯಾಕೆ? ನನಗೆ 19 ವರ್ಷ ಇದ್ದಾಗ 8 ತಿಂಗಳು ಮುಟ್ಟು ನಿಂತಿತ್ತು. ನನ್ನ ಕೋಚ್ ಅದನ್ನು ಒಳ್ಳೆಯ ಸೂಚನೆ ಅಂದಿದ್ದರು. ಪಾದದ ಮೂಳೆ ಎರಡು ಸಲ ಬಿರುಕು ಬಿಟ್ಟಿತು. 23ಕ್ಕೆ ನನ್ನ ಓಟ ಮುಗಿಯಿತು. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಈಗ ಮಾಡಬೇಕಾದ್ದು. ನಾಳೆಯೇ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಇಡೀ ಮೂಳೆಯುದ್ದಕ್ಕೂ ಸವರಿ ತೋರಿಸುವ ನೋವು ಸಾಮಾನ್ಯವಾಗಿ ಮೂಳೆಯ ಹೊರಪದರದ ಉರಿ. ಒಂದೇ ಬೆರಳಿನಲ್ಲಿ ತೋರಿಸುವ, ರಾತ್ರಿಯೂ ಬಿಡದ ನೋವು ಬಿರುಕು ಇರಬಹುದು. ಮೊದಲ 2–3 ವಾರ ಎಕ್ಸ್‌ರೇಯಲ್ಲಿ ಅದು ಕಾಣದೇ ಇರಬಹುದು. ಎಕ್ಸ್‌ರೇ ನಾರ್ಮಲ್ ಅಂದ ಕೂಡಲೇ ಓಡಿಸಬೇಡಿ, ಎಂಆರ್‌ಐ ಬೇಕಾ ಅಂತ ಕೇಳಿ. ಹೆಂಗಸರ ಡಾಕ್ಟರಿಗೂ ತೋರಿಸಿ, ಥೈರಾಯ್ಡ್, ಪಿಸಿಒಡಿ ಎಲ್ಲ ನೋಡಿ ಅವರೇ ತೀರ್ಮಾನಿಸಲಿ. ರಕ್ತ ಪರೀಕ್ಷೆಯಲ್ಲಿ ಹೀಮೋಗ್ಲೋಬಿನ್ ಜೊತೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ವಿಟಮಿನ್ ಡಿ ಕೂಡ ಮಾಡಿಸಿ. ಹೀಮೋಗ್ಲೋಬಿನ್ ಸರಿ ಇದ್ದು ಫೆರಿಟಿನ್ ಪಾತಾಳಕ್ಕಿಳಿದ ಹುಡುಗಿಯರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಊಟ ಇವತ್ತು ರಾತ್ರಿಯಿಂದಲೇ ಶುರುವಾಗಲಿ. ಅನ್ನ ವಾಪಸ್ ಬರಲಿ. ರೊಟ್ಟಿ ಒಂದಲ್ಲ, ಹಸಿವಾದಷ್ಟು. ಬೇಳೆ, ಕಾಳು ಪಲ್ಯ, ಮೊಸರು, ಶೇಂಗಾ, ತಿನ್ನುವವರಾದರೆ ಮೊಟ್ಟೆ. ಮುಂದೆ ಓಟ ಶುರುವಾದಾಗ ಬೆಳಿಗ್ಗೆ ಬಾಳೆಹಣ್ಣು ತಿಂದೇ ಮೈದಾನಕ್ಕೆ ಬರಬೇಕು. ಮುಗಿದ ಅರ್ಧ ಗಂಟೆಯಲ್ಲಿ ಡಬ್ಬಿ ಬಿಚ್ಚಬೇಕು, ಬಸ್ಸಿನಲ್ಲಾದರೂ ಸರಿ. ಊಟದ ಜೊತೆ ಚಹಾ ಬೇಡ, ಕಬ್ಬಿಣದ ಅಂಶ ಮೈಗೆ ಹತ್ತುವುದಿಲ್ಲ. ಅವಳೆದುರು ಯಾರೂ ತೂಕದ ಮಾತೆತ್ತಬಾರದು. ಮತ್ತೆ ಇದು ಅವಳ ತಪ್ಪಲ್ಲ, ದೊಡ್ಡವರು ಹೇಳಿದ್ದನ್ನು ಮಾಡಿದಳು ಅಷ್ಟೇ, ಅಂತ ನೀವೇ ಅವಳಿಗೆ ಹೇಳಿ.

ಶಿವಮೊಗ್ಗ: ಆ ಮಗುವಿಗೆ ಇದು ಕೊಡಿ ಮೇಷ್ಟ್ರೇ. (ಫಾರ್ವರ್ಡ್) ಬೀಟ್‌ರೂಟ್, ದಾಳಿಂಬೆ, ಖರ್ಜೂರದ ರಸ 7 ದಿನ ಖಾಲಿ ಹೊಟ್ಟೆಯಲ್ಲಿ. ಹೀಮೋಗ್ಲೋಬಿನ್ 7ರಿಂದ 14! ಎಲ್ಲರಿಗೂ ಹಂಚಿ.

ಕೋಚ್: ಹಂಚಬೇಡಿ. ಕೆಂಪಗಿರುವುದೆಲ್ಲ ರಕ್ತ ಆಗುವುದಿಲ್ಲ. ಬೀಟ್‌ರೂಟಿನಲ್ಲಿ ಕಬ್ಬಿಣದ ಅಂಶ ಬಹಳ ಕಡಿಮೆ. 7 ದಿನದಲ್ಲಿ 7 ಪಾಯಿಂಟ್ ಯಾವ ಮಾತ್ರೆಯಿಂದಲೂ ಏರುವುದಿಲ್ಲ. ಫೆರಿಟಿನ್ ತುಂಬುವುದಕ್ಕೆ ತಿಂಗಳುಗಳು ಬೇಕು, ಮಾತ್ರೆ ಎಷ್ಟು ಅಂತ ಡಾಕ್ಟರ್ ಹೇಳಬೇಕು. ಇಂಥ ರಸ ನಂಬಿ ಎರಡು ತಿಂಗಳು ಹಾಳುಮಾಡಿಕೊಂಡು ಬಂದವರನ್ನು ಪ್ರತಿ ವರ್ಷ ನೋಡುತ್ತೇನೆ.

ಬಳ್ಳಾರಿ: ರಸ ಗಿಸ ಬೇಡ. ಮೀಟ್‌ಗೆ ಹಿಂದಿನ ದಿನ ಒಂದು ಬಾಟಲ್ ಡ್ರಿಪ್ ಹಾಕಿಸಿ, ಜೊತೆಗೆ ಬಿ12 ಇಂಜೆಕ್ಷನ್. ನಮ್ಮ ಕಡೆ ಎಲ್ಲರೂ ಹಾಕಿಸುತ್ತಾರೆ, ಮಕ್ಕಳು ಕುದುರೆ ಹಾಗೆ ಓಡುತ್ತವೆ.

ಕೋಚ್: ಈ ಸಂದೇಶ ಓದಿ ಯಾರೂ ಹಾಗೆ ಮಾಡಬೇಡಿ. 12 ಗಂಟೆಯಲ್ಲಿ 100 ಮಿ.ಲೀ.ಗಿಂತ ಹೆಚ್ಚು ಡ್ರಿಪ್ ಹಾಕಿಸಿಕೊಳ್ಳುವುದು ಉದ್ದೀಪನ ಮದ್ದಿನ ನಿಯಮದಲ್ಲೇ ನಿಷೇಧ. ಆಸ್ಪತ್ರೆಯ ಚಿಕಿತ್ಸೆಗೆ ಮಾತ್ರ ವಿನಾಯಿತಿ. ಒಳಗಿದ್ದದ್ದು ಬರೀ ಗ್ಲೂಕೋಸ್ ಆಗಿದ್ದರೂ ತಪ್ಪೇ. ನಾಡಾ (ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ) ಪರೀಕ್ಷೆಯಲ್ಲಿ ಸಿಕ್ಕಿದರೆ ಗೊತ್ತಿರಲಿಲ್ಲ ಅಂದರೆ ಕೇಳುವುದಿಲ್ಲ. ಹೆಸರು ಹಾಳಾಗುವುದು ಮಗುವಿನದು, ಸೂಜಿ ಚುಚ್ಚಿಸಿದ ದೊಡ್ಡವರದಲ್ಲ. ನಿರ್ವಾಹಕರೇ, ಇದನ್ನು ತೆಗೆಯಿರಿ.

ಬಳ್ಳಾರಿ: ಸಲಹೆ ಕೊಟ್ಟಿದ್ದೇ ತಪ್ಪಾಯಿತು.

ಕೋಚ್: ಹೌದು.

ಬೀದರ್: ಮೊಣಕಾಲು ನೋವಿಗೆ ಏನು ಮಾಡಬೇಕು ಮೇಡಂ?

ಕೋಚ್: ಮೇಲೆ ಕೋಲಾರದವರಿಗೆ ಬರೆದಿದ್ದೇನೆ.

ಬೆಂಗಳೂರು: ಮೇಡಂ, ಮುಂದಿನ ಭಾನುವಾರ ನನ್ನ ಮೊದಲ ಮ್ಯಾರಥಾನ್. ಓಟಕ್ಕೆ ಮೊದಲು 4 ಲೀಟರ್ ನೀರು, ಜೊತೆಗೆ ಒಂದು ನೋವಿನ ಮಾತ್ರೆ ನುಂಗಿದರೆ ಕೊನೆತನಕ ಸುಸ್ತಾಗಲ್ಲ ಅಂತ ಗೆಳೆಯ ಕಳಿಸಿದ್ದಾನೆ. ಸರಿನಾ?

ಕೋಚ್: ಎರಡೂ ಅಪಾಯ. ಬೇಕಿಲ್ಲದ ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ತಲೆಸುತ್ತು, ವಾಂತಿ, ಫಿಟ್ಸ್, ಸಾವೂ ಬರಬಹುದು. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ನೋಡಿದಾಗ 13% ಜನರಿಗೆ ಸೋಡಿಯಂ ಕಡಿಮೆ ಇತ್ತು. ಬಾಯಾರಿದಾಗ ಕುಡಿಯಿರಿ, ಅಷ್ಟೇ. ಬೆವರಿ ಮೈಯಲ್ಲಿ ನೀರು ಕಡಿಮೆಯಾದಾಗ ನೋವಿನ ಮಾತ್ರೆ ಕಿಡ್ನಿಗೆ ಪೆಟ್ಟು. ಮಾತ್ರೆ ಇಲ್ಲದೆ ಓಡಲಾಗದಷ್ಟು ನೋವಿದ್ದರೆ ಓಡಬೇಡಿ.

ತುಮಕೂರು: ಮೈಸೂರಿನವರು ಬಿಕಿಲಾ ಬಗ್ಗೆ ಹೇಳಿದ್ದು ಅರ್ಧಸತ್ಯ. ಮತ್ತೆ ಹೇಳುತ್ತೇನೆ.

ಮೈಸೂರು: ಮೊದಲು ನಿಮ್ಮ 10 ಕಿ.ಮೀ. ಟೈಮಿಂಗ್ ಹೇಳಿ, ಆಮೇಲೆ ಸತ್ಯ.

ತುಮಕೂರು: 2:20ರ ಹಾಫ್ ಓಡುವವರಿಗೆ ಉತ್ತರ ಕೊಡಬೇಕಾಗಿಲ್ಲ.

ನಿರ್ವಾಹಕರು: ಇಬ್ಬರಿಗೂ ಇದು ಕೊನೆಯ ಎಚ್ಚರಿಕೆ.

ಮಂಡ್ಯ: ನನ್ನ ಟ್ರೆಡ್‌ಮಿಲ್ ಪ್ರಶ್ನೆ?

ಬೆಳಗಾವಿ: ಕ್ಷಮಿಸಿ ಮೇಡಂ, ಹಾವೇರಿ ಹುಡುಗಿಯ ವಿಷಯದಲ್ಲಿ ನಿಮ್ಮ ಮಾತು ಒಪ್ಪಲಾಗುತ್ತಿಲ್ಲ. ರಾಜ್ಯ ಮಟ್ಟದ ಮೀಟ್ ಅಂದರೆ ಬಡ ಮಕ್ಕಳಿಗೆ ಕ್ರೀಡಾ ಕೋಟಾ, ಹಾಸ್ಟೆಲ್, ಮುಂದೆ ರೈಲ್ವೆ ಕೆಲಸ. ನೋವು ನುಂಗಿ ಓಡಿದವರೇ ಮೇಲೆ ಬಂದಿದ್ದು. ಪಟ್ಟಣದವರು ಆರಾಮಾಗಿ ಬಿಡು ಅನ್ನುತ್ತೀರಿ.

ಹುಬ್ಬಳ್ಳಿ: ಅಣ್ಣಾರ, ನಿಮ್ಮ ಮಗಳಾಗಿದ್ದರೆ ಓಡಿಸುತ್ತಿದ್ದಿರಾ? 5 ತಿಂಗಳು ಅಂದರೆ ಗೊತ್ತಾ ನಿಮಗೆ?

ಬೆಳಗಾವಿ: ಅಕ್ಕಾ, ಭಾವನೆಯಿಂದ ಪದಕ ಬರುವುದಿಲ್ಲ.

ಹುಬ್ಬಳ್ಳಿ: ಮುರಿದ ಕಾಲಿಂದ ಬರುತ್ತದಾ?

ಕೋಚ್: ಬೆಳಗಾವಿಯವರೇ, ನಾನು ಪಟ್ಟಣದಲ್ಲಿ ಹುಟ್ಟಿದವಳಲ್ಲ. ನನಗೂ ಕೋಟಾದಲ್ಲೇ ಕೆಲಸ ಸಿಕ್ಕಿದ್ದು. ಅದರ ಬೆಲೆ ಗೊತ್ತಿದ್ದೇ ಹೇಳುತ್ತಿದ್ದೇನೆ. ಈಗ ಬಿರುಕು ಇದ್ದರೆ 6ರಿಂದ 8 ವಾರದಲ್ಲಿ ಕೂಡಿಕೊಳ್ಳಬಹುದು. ಆ ಕಾಲಿನಲ್ಲಿ ಮೀಟ್ ಓಡಿ ಪೂರ್ತಿ ಮುರಿದರೆ ಆಪರೇಷನ್, ರಾಡು, ಒಂದು ವರ್ಷ. ಆಗ ಕೋಟಾ ಎಲ್ಲಿ, ಹಾಸ್ಟೆಲ್ ಎಲ್ಲಿ? ಅವಳಿಗೆ 16. ಮುಂದಿನ ವರ್ಷವೂ ಮೀಟ್ ಇರುತ್ತದೆ. ಇದರ ಮೇಲೆ ವಾದ ಬೇಡ.

ಉಡುಪಿ: ಯಾವ ಶೂ ಒಳ್ಳೆಯದು ಮೇಡಂ?

ಕೋಚ್: ಮೇಲೆ ಓದಿ.

ಚಿತ್ರದುರ್ಗ: ಮೊಣಕಾಲು ನೋವಿಗೆ ಎಕ್ಕದ ಎಲೆ ಕಟ್ಟಬಹುದಾ?

ಕೋಚ್: ಅದರ ಹಾಲು ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಇನ್ನೂ ಕಷ್ಟ. ಮೊಣಕಾಲಿನ ಪ್ರಶ್ನೆಗೆ ಮೂರನೇ ಸಲ ಉತ್ತರ ಬರೆಯುವುದಿಲ್ಲ.

ಹಾವೇರಿ (ಪಿ.ಟಿ. ಮೇಷ್ಟ್ರು): ಮೇಡಂ, ನಾಳೆ 10 ಗಂಟೆಗೆ ತಾಯಿಯ ಜೊತೆ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಮೀಟ್ ಪಟ್ಟಿಯಿಂದ ಹೆಸರು ತೆಗೆಸಿದೆ. ಹುಡುಗಿ ಬಹಳ ಅತ್ತಳು. ಮೈದಾನಕ್ಕಾದರೂ ಬರುತ್ತೇನೆ ಸರ್ ಅನ್ನುತ್ತಾಳೆ. ಬರಬೇಡ ಅನ್ನಲಾ?

ಕೋಚ್: ಅನ್ನಬೇಡಿ. ಬರಲಿ. ಕೂರಿಸಿ, ಕೈಗೆ ಸ್ಟಾಪ್‌ವಾಚ್ ಕೊಡಿ, ಚಿಕ್ಕವರ ಸುತ್ತುಗಳ ಟೈಮಿಂಗ್ ಬರೆಯಲಿ. ಬರುವಾಗ ತಿಂಡಿ ಡಬ್ಬಿ ತರಲಿ, ನಿಮ್ಮ ಮುಂದೆಯೇ ತಿನ್ನಲಿ. ಡಾಕ್ಟರ ರಿಪೋರ್ಟ್ ಇಲ್ಲಿ ಹಾಕಬೇಡಿ, ನನಗೆ ಮಾತ್ರ ಕಳಿಸಿ. ಎಷ್ಟು ಹೊತ್ತಾದರೂ ನೋಡುತ್ತೇನೆ.