ಪದಚರ್ಚೆ: ಬೆಳೆಯ ಜೀನ್ ಕಳೆಗೆ ಸೇರುವುದಕ್ಕೆ ಕನ್ನಡದಲ್ಲಿ ಏನನ್ನೋಣ?

> ಮುಧೋಳದ ರೈತಸಭೆಗೆ ನಾಳೆಯೇ ಫಲಕ ಬೇಕು. ಕುಲಾಂತರಿ (ಬೇರೆ ಜೀವಿಯ ಜೀನ್ ಸೇರಿಸಿದ) ಬೆಳೆಯ ಜೀನ್ ಸುತ್ತಲಿನ ಕಳೆಗೆ ಸೇರುವುದಕ್ಕೆ ಒಂದು ಪದ ಕೊಡಿ. 'ವಂಶವಾಹಿ ಪ್ರವಾಹ' ಆದೀತೇ?

ಆಗುವುದಿಲ್ಲ ಸರ್. ದಯವಿಟ್ಟು 'ಪ್ರವಾಹ' ಬರೆಸಬೇಡಿ. ಘಟಪ್ರಭೆಯ ದಂಡೆಯವರಿಗೆ ಪ್ರವಾಹ ಅಂದರೆ 2019ರ ನೆರೆ. ನೆರೆ ಪರಿಹಾರದ ಸಭೆ ಅಂತಲೇ ಓದುತ್ತಾರೆ.

ಇಂಗ್ಲಿಷಿನ 'ಜೀನ್ ಫ್ಲೋ' ನೋಡಿ 'ಹರಿವು' ಅನ್ನುವುದೂ ನನಗೆ ಒಪ್ಪಿಗೆಯಿಲ್ಲ. ಇಲ್ಲಿ ಹರಿಯುವಂಥದ್ದು ಏನಿದೆ? ಬೆಳೆಯ ಪರಾಗ ಗಾಳಿಯಲ್ಲೋ ಜೇನ್ನೊಣದ ಕಾಲಲ್ಲೋ ಹೋಗಿ, ಅದೇ ಬಳಗದ ಕಳೆಯ ಹೂವಿಗೆ ಬೀಳುತ್ತದೆ. ಆ ಹೂವು ಕಟ್ಟಿದ ಬೀಜಕ್ಕೆ ಬೆಳೆಯ ಗುಣ ಬಂದಿರುತ್ತದೆ. ಬೇಲಿ ದಾಟಿತು, ಅಷ್ಟೇ. ಹಾಗಾಗಿ 'ಗುಣದಾಟು' ಅನ್ನಿ. ಫಲಕಕ್ಕೆ ಇನ್ನೂ ಸರಳವಾಗಿ, 'ಬೆಳೆಯ ಗುಣ ಕಳೆಗೆ ದಾಟೀತು' ಅಂತ ಬರೆಸಿ. ಅಮೆರಿಕದ ಒರೆಗಾನ್‌ನಲ್ಲಿ ಕಳೆನಾಶಕ ತಡೆಯುವ ಹುಲ್ಲಿನ ಪರಾಗ 21 ಕಿ.ಮೀ. ದೂರದ ಹುಲ್ಲಿಗೂ ತಲುಪಿತ್ತು. ದಾಟು ಅನ್ನದೆ ಇನ್ನೇನು ಅನ್ನೋಣ?

'ಕಳೆ' ಬೇಡ, 'ಕಸ' ಸಾಕು ಅಂತ ಒಬ್ಬರು ಬರೆದಿದ್ದಾರೆ. ನಮ್ಮ ಕಡೆ ಹೊಲದಲ್ಲಿ ಕಸ ತೆಗೆಯುತ್ತೇವೆ, ನಿಜ. ಆದರೆ ಕಳೆ ಎಂಬ ಹೆಸರು, ಕಳೆ ಎಂಬ ಕ್ರಿಯೆ ಎರಡಕ್ಕೂ ಬೇರು ಒಂದೇ. ತಮಿಳಿನಲ್ಲೂ ಹಾಗೇ. ಕಿತ್ತು ಕಳೆಯಬೇಕಾದದ್ದೇ ಕಳೆ. ಕೆನಡಾದ ಕ್ವಿಬೆಕ್‌ನಲ್ಲಿ ಕನೋಲಾ ಎಂಬ ಎಣ್ಣೆಬೀಜದ ಬೆಳೆಯ ಕಳೆನಾಶಕ ತಡೆಯುವ ಗುಣ ಸಾಸಿವೆ ಬಳಗದ ಕಳೆಗೆ ದಾಟಿ, ವರ್ಷಗಟ್ಟಲೆ ಉಳಿದಿತ್ತು. ಕಳೆನಾಶಕ ಹೊಡೆದರೂ ಕಳೆಯಲಾಗದ ಕಳೆ ಅದು. ಈ ಅರ್ಥ 'ಕಸ'ದಲ್ಲಿ ಎಲ್ಲಿ ಸಿಗುತ್ತದೆ?

'ಜೀನ್' ಪರಭಾಷೆ, ಮುಟ್ಟಲೇಬಾರದು ಎನ್ನುವ ಹಿರಿಯರಿಗೆ ಒಂದು ಮಾತು. ಜಮೀನು ಪರ್ಷಿಯನ್, ಫಸಲು ಅರಬ್ಬಿ. ಇವನ್ನೆಲ್ಲ ಬಿಟ್ಟು ಒಂದು ದಿನ ಹೊಲದ ಮಾತಾಡಿ ತೋರಿಸಿ. ಜೀನ್‌ಗೆ ಬದಲು ಹೇಳುವ 'ವಂಶವಾಹಿ' ಅಚ್ಚಗನ್ನಡವೇ? ಅದೂ ಸಂಸ್ಕೃತದ ಸಾಲವೇ ಅಲ್ವಾ? ನಾನು 'ಜೀನ್' ಬಿಟ್ಟದ್ದು ಅದು ಸಾಲದ ಪದ ಅನ್ನುವ ಕಾರಣಕ್ಕಲ್ಲ. ರೈತ ಬೀಜ ಕೊಳ್ಳುವಾಗ ಕೇಳುವುದು ಅದರ ಗುಣವನ್ನು, ಅದಕ್ಕೆ 'ಗುಣ' ಅಂದೆ. 'ಕುಲಾಂತರಿ' ಪತ್ರಿಕೆಗಳಲ್ಲಿ ಆಗಲೇ ಬೇರೂರಿದೆ, ಅದನ್ನು ಸುಮ್ನೆ ಕೆದಕುವುದು ಬೇಡ.

ಇನ್ನೊಂದು ವಿನಂತಿ ಸರ್. ಫಲಕಕ್ಕೆ ಹತ್ತಿಯ ಚಿತ್ರ ಹಾಕಬೇಡಿ. ದೇಶದಲ್ಲಿ 2002ರಿಂದ ಬೆಳೆಯುತ್ತಿರುವ ಕುಲಾಂತರಿ ಬಿಟಿ ಹತ್ತಿಗೆ 52 ವರ್ಣತಂತುಗಳು (ಜೀನ್‌ಗಳನ್ನು ಹೊತ್ತ ಎಳೆಗಳು), ನಮ್ಮ ಜವಾರಿ ಹತ್ತಿಗೆ 26. ಎಣಿಕೆ ಹೊಂದದ್ದರಿಂದ ಅವೆರಡು ಸುಲಭವಾಗಿ ಕೂಡುವುದಿಲ್ಲ. ಸಭೆಯಲ್ಲಿ ತಿಳಿದ ರೈತರು ಯಾರಾದರೂ ಎದ್ದು ಕೇಳಿಯೇ ಕೇಳುತ್ತಾರೆ. ಸಾಸಿವೆ ಹೂವಿನ ಚಿತ್ರ ಹಾಕಿಸಿ.