ಸ್ಟ್ಯಾಟಿನ್ ಶುರುವಾದ ಮೇಲೆ ಎದ್ದೇಳಲು ಕಷ್ಟ: ಮಾತ್ರೆಯೋ, ಮಂಡಿಯೋ?

ಫಿಸಿಯೋ_ಕೋಣೆ
67 ವರ್ಷದ ಮಹಿಳೆ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ, ಅಟೋರ್ವಾಸ್ಟಾಟಿನ್ 40 ಮಿ.ಗ್ರಾಂ, ಶುರುವಾಗಿ ಆರು ವಾರ. ಎರಡೂ ತೊಡೆ ಭಾರ, ಕುರ್ಚಿಯಿಂದ ಏಳಲು ಕೈ ಊರಲೇಬೇಕು. ಸಿಕೆ (ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವ) 310, ಲ್ಯಾಬಿನ ಮೇಲ್ಮಿತಿ 170. ಮಂಡಿ ಸವೆತ ಮೊದಲಿಂದಲೂ ಇದೆ. ಹೃದಯದ ತೊಂದರೆ ಈವರೆಗೆ ಇಲ್ಲ. ಮಾತ್ರೆಯಿಂದಲೇ ಅಂತ ಹೇಗೆ ಗೊತ್ತುಮಾಡಿಕೊಳ್ಳುವುದು? ವ್ಯಾಯಾಮ ಮುಂದುವರಿಸಲೇ?

ಮಾತ್ರೆ_ಚೀಟಿ
ಮೊದಲು ನೋವಿನ ಜಾಗ ಕೇಳಿ ಮೇಡಂ. ಸ್ಟ್ಯಾಟಿನ್ ತೊಂದರೆ ಸಾಮಾನ್ಯವಾಗಿ ಎರಡೂ ಕಡೆ, ದೊಡ್ಡ ಸ್ನಾಯುಗಳಲ್ಲಿ: ತೊಡೆ, ಪೃಷ್ಠ, ಮೀನಖಂಡ, ಭುಜ. ಹೆಚ್ಚಾಗಿ ಶುರುಮಾಡಿದ ಅಥವಾ ಡೋಸ್ ಏರಿಸಿದ 4ರಿಂದ 12 ವಾರದೊಳಗೆ. ಸೊಂಟದಿಂದ ಒಂದೇ ಕಾಲಿಗೆ ಇಳಿಯುವ ಜುಮುಜುಮು ನರದ್ದು.

ನಡೆದರೆ ಮೀನಖಂಡ ಹಿಡಿದುಕೊಂಡು, ನಿಂತರೆ ಕೆಲವೇ ನಿಮಿಷದಲ್ಲಿ ಬಿಡುತ್ತದೆಯಾ? ಹಾಗಿದ್ದರೆ ಕಾಲಿನ ರಕ್ತನಾಳ ಕಿರಿದಾಗಿರಬಹುದು. ಪಾದದ ನಾಡಿ ಮುಟ್ಟಿ ನೋಡಿ. ಕಣಕಾಲಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿದಾಗ 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅನುಮಾನ ಗಟ್ಟಿ. ಆ ಕಾಯಿಲೆಗೆ ಸ್ಟ್ಯಾಟಿನ್ನೇ ಮದ್ದು. ಅದನ್ನೇ ದೂರಿ ನಿಲ್ಲಿಸುವವರು ಬಹಳ.

ಇತ್ತೀಚೆಗೆ ಕ್ಲಾರಿಥ್ರೋಮೈಸಿನ್ (ಆ್ಯಂಟಿಬಯಾಟಿಕ್), ಇಟ್ರಕೊನಜೋಲ್ (ಶಿಲೀಂಧ್ರ ಸೋಂಕಿನದು), ಡಿಲ್ಟಿಯಾಜೆಮ್ (ಬಿಪಿಯದು) ಏನಾದರೂ ಸೇರಿದೆಯೇ? ಇವು ಅಟೋರ್ವಾಸ್ಟಾಟಿನ್ ರಕ್ತದಲ್ಲಿ ಹೆಚ್ಚು ಉಳಿಯುವಂತೆ ಮಾಡುತ್ತವೆ. ಥೈರಾಯ್ಡ್ ಕಡಿಮೆ ಇದ್ದರೂ ಇದೇ ಚಿತ್ರ, ಟಿಎಸ್‌ಎಚ್ ಮಾಡಿಸದೆ ಮುಂದೆ ಹೋಗಬೇಡಿ.

ಒಪಿಡಿ_ಡೈರಿ
ಸಿಕೆ ಮೇಲ್ಮಿತಿಯ ಎರಡು ಪಟ್ಟೂ ಇಲ್ಲ. 4 ಪಟ್ಟು ದಾಟಿದರೆ ಯೋಚನೆ, 10 ಪಟ್ಟು ದಾಟಿದರೆ ಮಾತ್ರೆ ಬಂದ್.

ಇಂಥ ಕೇಸಿನಲ್ಲಿ ಮಾತ್ರೆ ಬರೆದ ವೈದ್ಯರ ಒಪ್ಪಿಗೆ ಪಡೆದು 2ರಿಂದ 4 ವಾರ ನಿಲ್ಲಿಸಿ ನೋಡಬಹುದು. (ಸ್ಟೆಂಟ್ ಹಾಕಿದವರಿಗೆ, ಹೃದಯಾಘಾತ ಆದವರಿಗೆ ಈ ಮಾತು ಅನ್ವಯಿಸದು, ಹೃದ್ರೋಗ ತಜ್ಞರೇ ತೀರ್ಮಾನಿಸಬೇಕು.) ಕೈಕಟ್ಟಿಕೊಂಡು 5 ಸಲ ಎದ್ದು ಕೂರಲು ಎಷ್ಟು ಸೆಕೆಂಡು ಅಂತ ವಾರವಾರ ಬರೆದಿಡಿ. 15 ದಾಟಿದರೆ ಕಾಲಿನ ಬಲ ಕುಗ್ಗಿದೆ ಎಂದರ್ಥ. ಏಳಲಾಗದಿದ್ದರೆ ಎತ್ತರದ ಕುರ್ಚಿ ಹಾಕಿ, ಆದರೆ ಪ್ರತಿ ಸಲವೂ ಅದೇ ಕುರ್ಚಿ.

ನಿಲ್ಲಿಸಿದಾಗ ಹಗುರಾಯಿತು ಅನ್ನುವುದೊಂದೇ ಸಾಕ್ಷಿಯಲ್ಲ, ನಿರೀಕ್ಷೆಯಿಂದಲೂ ಹಗುರಾಗುತ್ತದೆ. 2022ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ ದೊಡ್ಡ ವಿಶ್ಲೇಷಣೆಯ ಪ್ರಕಾರ ಸ್ಟ್ಯಾಟಿನ್ ತೆಗೆದುಕೊಳ್ಳುವವರು ಹೇಳುವ ಸ್ನಾಯು ದೂರುಗಳಲ್ಲಿ ಶೇ. 90ಕ್ಕೂ ಹೆಚ್ಚು ಮಾತ್ರೆಯಿಂದಲ್ಲ. ಮತ್ತೆ ಶುರುಮಾಡಿದಾಗ ಅದೇ ಜಾಗದಲ್ಲಿ ಮರಳಿದರೆ ಮಾತ್ರ ನಂಬಿ.

ಶುರುಮಾಡುವಾಗ 40ಕ್ಕೇ ಹೋಗುವ ಹಟ ಬೇಡ. ಡೋಸ್ ದುಪ್ಪಟ್ಟು ಮಾಡಿದರೆ ಕೆಟ್ಟ ಕೊಲೆಸ್ಟರಾಲ್ ಆದ ಎಲ್‌ಡಿಎಲ್ ಹೆಚ್ಚುವರಿಯಾಗಿ ಇಳಿಯುವುದು ಸುಮಾರು ಶೇ. 6 ಅಷ್ಟೇ. ಅಟೋರ್ವಾಸ್ಟಾಟಿನ್ 10, ಇಲ್ಲವೇ ರೋಸುವಾಸ್ಟಾಟಿನ್ 5, ಜೊತೆಗೆ ಕರುಳಲ್ಲಿ ಕೊಲೆಸ್ಟರಾಲ್ ಹೀರಿಕೆ ತಡೆಯುವ ಎಜೆಟಿಮೈಬ್ 10 ಇಟ್ಟರೆ ಕಳೆದುಕೊಳ್ಳುವುದು ಅಲ್ಪ.

ಫಿಸಿಯೋ_ಕೋಣೆ
ನಾಡಿ ಚೆನ್ನಾಗಿ ಸಿಗುತ್ತಿದೆ, ಬೇರೆ ಹೊಸ ಔಷಧ ಇಲ್ಲ. ಆದರೆ ರಕ್ತ ಕೊಟ್ಟ ಹಿಂದಿನ ದಿನ ಕಾಲಿಗೆ ತೂಕ ಕಟ್ಟಿ ವ್ಯಾಯಾಮ ಮಾಡಿಸಲಾಗಿತ್ತು.

ಒಪಿಡಿ_ಡೈರಿ
ಹಾಗಾದರೆ ಆ 310 ಅನ್ನು ಪಕ್ಕಕ್ಕಿಡಿ. ಮೂರು ದಿನ ಭಾರದ ವ್ಯಾಯಾಮ ಬಿಟ್ಟು ಸಿಕೆ ಮತ್ತೆ ಕಳಿಸಿ, ಟಿಎಸ್‌ಎಚ್ ಮತ್ತು ವಿಟಮಿನ್ ಡಿ ಜೊತೆಗೇ ಮಾಡಿಸಿ. ಅಲ್ಲಿಯವರೆಗೆ ಸಮತಟ್ಟಿನ ನಡಿಗೆ ಸಾಕು. ಮೆಟ್ಟಿಲಿಳಿಯುವುದು, ಆಳದ ಸ್ಕ್ವಾಟ್ ಬೇಡ, ಸ್ನಾಯುವಿಗೆ ಹೆಚ್ಚು ಪೆಟ್ಟು ಕೊಡುವುದು ಅವೇ.

ಮಾತ್ರೆ_ಚೀಟಿ
ಮನೆಯವರಿಗೆ ಒಂದು ಹೇಳಿಡಿ: ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ, ತೋಳು ಎತ್ತಲಾಗದಷ್ಟು ಬಲ ಹೋದರೆ ಮುಂದಿನ ಮಾತ್ರೆ ಕೊಡದೆ ಅವತ್ತೇ ಆಸ್ಪತ್ರೆಗೆ. ಕಿಡ್ನಿಗೆ ಅಪಾಯ. ಇನ್ನು ಮಾತ್ರೆ ಬಿಟ್ಟು ವಾರಗಳಾದರೂ ಬಲ ಕುಗ್ಗುತ್ತಲೇ ಇದ್ದು ಸಿಕೆ ಸಾವಿರಗಳಲ್ಲಿದ್ದರೆ ಎಚ್‌ಎಂಜಿಸಿಆರ್ ಪ್ರತಿಕಾಯದ ಪರೀಕ್ಷೆ (ದೇಹವೇ ತನ್ನ ಸ್ನಾಯುವಿನ ಮೇಲೆ ತಿರುಗಿಬಿದ್ದಿದೆಯೇ ಎಂದು ನೋಡುವುದು) ಬೇಕು. ಅಪರೂಪ, ಆದರೆ ಪಾಸಿಟಿವ್ ಬಂದರೆ ಯಾವ ಸ್ಟ್ಯಾಟಿನ್ನೂ ಮತ್ತೆ ಕೊಡುವಂತಿಲ್ಲ.